ಪಿಯಾನೋ ಮುಚ್ಚಳ ಮುಚ್ಚಬೇಡಿ, ಮೈಕ್ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ಚರ್ಚ್‌ಗಳಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಡೆಯುವ ಪಾಶ್ಚಾತ್ಯ ಶಾಸ್ತ್ರೀಯ ಗಾಯನ–ಪಿಯಾನೋ ಕಛೇರಿಗಳ ಬಗ್ಗೆ ಕೇಳುಗರಿಂದ ಬರುವ ದೂರು ಹೆಚ್ಚಾಗಿ ಎರಡೇ. ‘ಹಾಡಿನ ಮಾತು ಒಂದೂ ತಿಳಿಯಲಿಲ್ಲ’ ಎಂಬುದು ಒಂದು, ‘ಪಿಯಾನೋ ಗಾಯಕಿಯ ದನಿಯನ್ನೇ ಮುಳುಗಿಸಿಬಿಟ್ಟಿತು’ ಎಂಬುದು ಇನ್ನೊಂದು. ವ್ಯವಸ್ಥಾಪಕರು ಹುಡುಕಿಕೊಳ್ಳುವ ಮದ್ದೂ ಎರಡೇ: ಮುಂದಿನ ಸಲ ಪಿಯಾನೋದ ಮುಚ್ಚಳ ಮುಚ್ಚಿಬಿಡುವುದು, ಗಾಯಕಿಯ ಎದುರು ಮೈಕ್ ನಿಲ್ಲಿಸುವುದು. ಈ ಎರಡರಿಂದಲೂ ತೊಂದರೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಇಂಥ ಕಛೇರಿ ಏರ್ಪಡಿಸುವವರಿಗೆ ಉಪಯೋಗವಾಗಲಿ ಎಂದು ಕಾರಣವನ್ನೂ ಪರಿಹಾರವನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಟ್ಟಡದ ಮಾತು. ಕಲ್ಲಿನ ಗೋಡೆ, ಎತ್ತರದ ಕಮಾನು, ಗಾಜಿನ ಕಿಟಕಿಗಳ ಚರ್ಚ್‌ನಲ್ಲಿ ದನಿ ಬೇಗ ಸಾಯುವುದಿಲ್ಲ. ಒಂದು ಸದ್ದು ನಿಂತ ಮೇಲೆ ಅದರ ಉಳಿಕೆ 60 ಡೆಸಿಬೆಲ್ ಇಳಿಯಲು ತಗಲುವ ಹೊತ್ತನ್ನು ಅನುರಣನ ಕಾಲ ಎನ್ನುತ್ತಾರೆ. ಇದರ ಲೆಕ್ಕವನ್ನು ಕಂಡುಕೊಂಡವರು ಹಾರ್ವರ್ಡ್‌ನ ವಾಲೇಸ್ ಕ್ಲೆಮೆಂಟ್ ಸೇಬಿನ್. 1895ರಲ್ಲಿ, ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುವುದಿಲ್ಲ, ಸರಿಪಡಿಸಿ ಎಂದು ಅವರಿಗೆ ಕೆಲಸ ವಹಿಸಿದ್ದರು. ಸೇಬಿನ್ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸಿ, ಆರ್ಗನ್ನಿನ ಒಂದು ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದರು. ಸಿಕ್ಕ ಸೂತ್ರ ಸರಳ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಳಗಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಹೀರಿಕೆಯ ಅಳತೆ ಚದರ ಮೀಟರು. ಒಂದು ಚದರ ಮೀಟರ್ ತೆರೆದ ಕಿಟಕಿಯಿಂದ ಎಷ್ಟು ದನಿ ಮರಳಿ ಬಾರದಂತೆ ಹೊರಗೆ ಹೋಗುತ್ತದೋ ಅಷ್ಟನ್ನು ಒಂದು ಎಂದು ಎಣಿಸುವುದು.

30 ಮೀಟರ್ ಉದ್ದ, 10 ಮೀಟರ್ ಅಗಲ, 10 ಮೀಟರ್ ಎತ್ತರದ ಚರ್ಚ್ ಒಂದನ್ನು ತೆಗೆದುಕೊಳ್ಳಿ. ಗಾತ್ರ 3,000 ಘನ ಮೀಟರ್. ಖಾಲಿ ಇರುವಾಗ ಒಟ್ಟು ಹೀರಿಕೆ 120 ಎಂದುಕೊಂಡರೆ ಅನುರಣನ ಕಾಲ 4 ಸೆಕೆಂಡು. ಕುಳಿತ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಹೀರಿಕೊಳ್ಳುತ್ತಾನೆ. 150 ಜನ ಬಂದು ಕೂತರೆ ಹೀರಿಕೆ 195ಕ್ಕೆ ಏರಿ, ಕಾಲ ಎರಡೂವರೆ ಸೆಕೆಂಡಿಗೆ ಇಳಿಯುತ್ತದೆ. ಹಾಡಿಗೆ ಇದರಿಂದ ಏನಾಯಿತು ಎಂದು ನೋಡಿ. ಅರ್ಧ ಸೆಕೆಂಡಿಗೊಮ್ಮೆ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು (ಕಾರ್ಡ್), ಬದಲಾಗುವ ಹಾಡಾದರೆ, ಖಾಲಿ ಚರ್ಚ್‌ನಲ್ಲಿ ಹೊಸ ಮೇಳ ಬರುವ ಹೊತ್ತಿಗೆ ಹಳೆಯದು ಇಳಿದಿರುವುದು ಬರೀ 7.5 ಡೆಸಿಬೆಲ್, ಜನ ತುಂಬಿದಾಗ 12 ಡೆಸಿಬೆಲ್. ಮೊದಲನೆಯದರಲ್ಲಿ ಹಳೆಯ ಮೇಳವೂ ಹೊಸದೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಎರಡನೆಯದರಲ್ಲಿ ಹೊಸದು ತಲೆಯೆತ್ತಿ ನಿಲ್ಲುತ್ತದೆ. ‘ಪಿಯಾನೋ ಹೆಚ್ಚಾಯಿತು’ ಎಂಬ ದೂರಿನ ಬಹುಪಾಲು ಬೇರು ಇಲ್ಲಿದೆ. ನುಡಿಸಿದ್ದು ಜೋರಾಯಿತು ಎನ್ನುವುದಕ್ಕಿಂತ, ನುಡಿಸಿದ್ದು ಹೋಗಲಿಲ್ಲ ಎನ್ನುವುದೇ ಸರಿ.

ಹೀಗಾಗಿ ಎಷ್ಟು ಜನ ಬರಬಹುದು ಎಂಬ ಅಂದಾಜು ಕಲಾವಿದರಿಗೆ ಮೊದಲೇ ಗೊತ್ತಿರಬೇಕು. ಅಭ್ಯಾಸದ ಹೊತ್ತಿನಲ್ಲಿ ಖಾಲಿ ಕಟ್ಟಡಕ್ಕೆ ಹೆದರಿ ಕಾಲಪ್ರಮಾಣವನ್ನು ತೀರಾ ನಿಧಾನ ಮಾಡಿಕೊಂಡರೆ, ಜನ ತುಂಬಿದ ಮೇಲೆ ಹಾಡು ಎಳೆದಂತಾಗುತ್ತದೆ. 40 ಜನ ಮಾತ್ರ ಬರುವರೆಂದಾದರೆ ಖಾಲಿ ಬೆಂಚುಗಳ ಮೇಲೆ ಮೆತ್ತೆ ಹಾಸಿ. ಸೇಬಿನ್ನರ ಮೆತ್ತೆ ಇಂದಿಗೂ ಕೆಲಸ ಮಾಡುತ್ತದೆ. ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಕೂರಿಸಿ. ಮೇಲೆ ಹೇಳಿದಂಥ ಕಟ್ಟಡದಲ್ಲಿ ಗಾಯಕಿಯಿಂದ ಎರಡು ಎರಡೂವರೆ ಮೀಟರ್ ದಾಟಿದರೆ ಸಾಕು, ಬಾಯಿಂದ ನೇರ ಬರುವ ದನಿಗಿಂತ ಗೋಡೆಗಳಿಂದ ಮರಳುವ ದನಿಯೇ ಹೆಚ್ಚು. ಹಿಂದೆ ಸರಿದಷ್ಟೂ ಮಾತು ಕರಗುತ್ತದೆ. ಮುಂದಿನ ನಾಲ್ಕು ಸಾಲು ಖಾಲಿ ಬಿಟ್ಟು ಹಿಂದೆ ಕೂರುವ ಸಂಕೋಚವನ್ನು ಸ್ವಯಂಸೇವಕರು ಬಾಗಿಲಲ್ಲೇ ನಗುಮುಖದಿಂದ ಬಿಡಿಸಬೇಕು.

ಈಗ ಮುಚ್ಚಳದ ವಿಷಯ. ಗ್ರ್ಯಾಂಡ್ ಪಿಯಾನೋದಲ್ಲಿ ದನಿ ಹುಟ್ಟುವುದು ತಂತಿಗಳ ಅಡಿಯಲ್ಲಿರುವ ಸ್ಪ್ರೂಸ್ ಮರದ ದೊಡ್ಡ ಹಲಗೆಯಿಂದ, ಅಂದರೆ ಸೌಂಡ್‌ಬೋರ್ಡಿನಿಂದ. ಅದು ಮೇಲಕ್ಕೂ ಕೆಳಕ್ಕೂ ಎರಡೂ ಕಡೆ ದನಿ ಬಿಡುತ್ತದೆ. ಮೇಲೆ ಹೊರಟ ದನಿಯ ತೀಕ್ಷ್ಣ ಭಾಗವನ್ನು ಮುಚ್ಚಳ ಕೇಳುಗರತ್ತ ತಿರುಗಿಸುತ್ತದೆ. ಮುಚ್ಚಳ ಮುಚ್ಚಿದಾಗ ಆ ತೀಕ್ಷ್ಣ ಭಾಗ, ಎಂದರೆ ಪ್ರತಿ ಸ್ವರದ ಮೊದಲ ಅಂಚು, ಮಬ್ಬಾಗುತ್ತದೆ. ಮಂದ್ರದ ಗುಡುಗು ಅಡಿಯಿಂದ ನುಸುಳಿ ಬರುತ್ತಲೇ ಇರುತ್ತದೆ. ಕಲ್ಲಿನ ಕಟ್ಟಡವೋ ಮಂದ್ರವನ್ನೇ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಕಡೆಗೆ ಕೇಳುಗರಿಗೆ ಸಿಗುವುದು ಅಂಚಿಲ್ಲದ, ಆಕಾರವಿಲ್ಲದ ಗುಂಯ್‌ಕಾರ. ಅಷ್ಟೇ ಅಲ್ಲ, ತನ್ನದೇ ದನಿ ಕೇಳಿಸದೆ ಪಿಯಾನೋವಾದಕರು ಇನ್ನಷ್ಟು ಒತ್ತಿ ನುಡಿಸತೊಡಗುತ್ತಾರೆ. ಗಾಯಕಿಗೂ ಶ್ರುತಿಗೆ ಹಿಡಿದುಕೊಳ್ಳಲು ಸ್ಪಷ್ಟ ಸ್ವರ ಸಿಗದೆ ಕಷ್ಟವಾಗುತ್ತದೆ.

ಮುಚ್ಚಳ ಆನಿಸುವ ಕೋಲುಗಳು ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ. ಪೂರ್ಣ ಎತ್ತರದ ಕೋಲಿನಿಂದಲೇ ಅಭ್ಯಾಸ ಶುರುಮಾಡಿ. ಹಿಂದಿನ ಸಾಲಿನಲ್ಲಿ ಸಂಗೀತ ಬಲ್ಲವರೊಬ್ಬರು ಕೂತು ಕೇಳಿ, ನಿಜಕ್ಕೂ ಹೆಚ್ಚೆನಿಸಿದರೆ ಮಾತ್ರ ನಡುವಿನ ಕೋಲಿಗೆ ಇಳಿಸಿ. ಕಲ್ಲಿನ ನೆಲವಾದರೆ ಪಿಯಾನೋ ಅಡಿಗೆ ದಪ್ಪ ಜಮಖಾನೆ ಹಾಸಿದಾಗ ಕೆಳಮುಖವಾಗಿ ಹೊರಟ ದನಿ ನೆಲಕ್ಕೆ ಬಡಿದು ಚಿಮ್ಮುವುದು ತಗ್ಗುತ್ತದೆ. ಟೊಳ್ಳಾದ ಮರದ ವೇದಿಕೆಯ ಮೇಲೆ ಪಿಯಾನೋ ಏರಿಸಬೇಡಿ. ಆ ವೇದಿಕೆಯೇ ಇನ್ನೊಂದು ಡೋಲಾಗಿ ಮಂದ್ರವನ್ನು ಹೆಚ್ಚಿಸುತ್ತದೆ. ಭಾರವನ್ನೂ ನೆನಪಿಡಬೇಕು: 274 ಸೆಂಟಿಮೀಟರ್ ಉದ್ದದ ಕಛೇರಿ ಪಿಯಾನೋ ಸುಮಾರು 480 ಕಿಲೋ ತೂಗುತ್ತದೆ, ಅದೆಲ್ಲ ಮೂರು ಪುಟ್ಟ ಗಾಲಿಗಳ ಮೇಲೆ. ಇಷ್ಟು ದೊಡ್ಡದು ಮಧ್ಯಾಹ್ನದ ಹಾಡುಗಳಿಗೆ ಬೇಕಾಗುವುದೂ ಇಲ್ಲ. ಎರಡು ಮೀಟರಿನ ಆಸುಪಾಸಿನದು ಸಾಕು.

ಚರ್ಚ್‌ನಲ್ಲಿ ಇರುವುದು ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೋ ಆದರೆ ಅದರ ಸೌಂಡ್‌ಬೋರ್ಡ್ ಬೆನ್ನಿನ ಕಡೆ ಇರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ದನಿಯ ಬಾಯಿ ಕಟ್ಟಿದಂತೆಯೇ. ಒಂದೆರಡು ಅಡಿ ಮುಂದಕ್ಕೆಳೆದು ಓರೆಯಾಗಿ ನಿಲ್ಲಿಸಿ. ವಾದಕರಿಗೆ ಗಾಯಕಿಯ ಮುಖ, ಕನಿಷ್ಠ ಹೆಗಲಾದರೂ ಕಾಣಬೇಕು. ಹಾಡಿಗೆ ಮುನ್ನ ಗಾಯಕಿ ಉಸಿರೆಳೆದುಕೊಳ್ಳುವುದೇ ವಾದಕರಿಗೆ ಸಿಗುವ ಸನ್ನೆ.

ಗ್ರ್ಯಾಂಡ್ ಆದರೆ ಕೇಳುಗರಿಗೆ ಮನೆಗಳು (ಬೆರಳಿನಿಂದ ಒತ್ತುವ ಕೀಲಿಗಳು) ಎಡಕ್ಕೆ, ಬಾಲ ಬಲಕ್ಕೆ, ಮುಚ್ಚಳದ ಬಾಯಿ ಅವರತ್ತ ಬರುವಂತೆ ಇಡುವುದು ಎಲ್ಲರೂ ಬಲ್ಲದ್ದೇ. ಗಾಯಕಿ ನಿಲ್ಲುವುದು ಪಿಯಾನೋದ ಸೊಂಟದ ಬಾಗಿನಲ್ಲಿ. ಆದರೆ ಚರ್ಚ್‌ನಲ್ಲಿ ಆಗುವ ತಪ್ಪು ಬೇರೆ: ಇಬ್ಬರನ್ನೂ ಬಲಿಪೀಠದ ಮುಂದೆ, ಒಳ ಕಮಾನಿನ ಆಚೆ ನಿಲ್ಲಿಸಿಬಿಡುತ್ತಾರೆ. ನೋಡಲು ಚೆಂದ, ನಿಜ. ಆದರೆ ಆ ಭಾಗ ಕೋಣೆಯೊಳಗಿನ ಇನ್ನೊಂದು ಕೋಣೆ. ದನಿ ಅಲ್ಲೇ ಮೇಲೇರಿ ಸುತ್ತಿ, ತಡವಾಗಿ ಜನರತ್ತ ಬರುತ್ತದೆ. ನೇರ ದನಿಯ ಬೆನ್ನಿಗೇ, 50 ಮಿಲಿಸೆಕೆಂಡಿನೊಳಗೆ ಬರುವ ಪ್ರತಿಫಲನ ಮಾತಿಗೆ ಬಲ ಕೊಡುತ್ತದೆ. ಅದರ ನಂತರ ಬರುವುದು ಮಾತನ್ನು ಕೆಡಿಸುತ್ತದೆ. ದನಿ ಸೆಕೆಂಡಿಗೆ 343 ಮೀಟರ್ ಸಾಗುವುದರಿಂದ ಆ 50 ಮಿಲಿಸೆಕೆಂಡು ಎಂದರೆ 17 ಮೀಟರ್ ಹೆಚ್ಚಿನ ದಾರಿ. ಎತ್ತರದ ಕಮಾನಿಗೆ ಹೋಗಿ ಬರುವಷ್ಟರಲ್ಲಿ ಈ ಮಿತಿ ದಾಟುತ್ತದೆ. ಕಮಾನಿನಿಂದ ಈಚೆಗೆ, ಮೊದಲ ಸಾಲಿನಿಂದ ಮೂರು ಮೀಟರ್ ಒಳಗೆ ಇಬ್ಬರನ್ನೂ ತನ್ನಿ.

ಮೈಕ್ ಯಾಕೆ ಬೇಡ ಎಂಬುದಕ್ಕೂ ಇದೇ ಉತ್ತರ. ಸ್ಪೀಕರ್‌ನಿಂದ ಹೊರಟ ದನಿಯೂ ಅದೇ ಗೋಡೆಗಳಿಗೆ ಬಡಿಯಬೇಕು. ಜೋರು ಮಾಡಿದಷ್ಟೂ ಉಳಿಕೆಯೂ ಜೋರಾಗುತ್ತದೆ, ನಿಚ್ಚಳತೆ ಎಳ್ಳಷ್ಟೂ ಹೆಚ್ಚುವುದಿಲ್ಲ. ದನಿ ಒಂದು ಕಡೆಯಿಂದ, ಗಾಯಕಿ ಇನ್ನೊಂದು ಕಡೆ ಎಂಬಂತಾಗಿ ಮನಸ್ಸಿಗೂ ಕಿರಿಕಿರಿ. ತರಬೇತಾದ ಕಂಠಕ್ಕೆ 3,000 ಹರ್ಟ್ಸ್ ಸುತ್ತಮುತ್ತ ಒಂದು ಹೊಳಪು ಇರುತ್ತದೆ. ಗಂಡುಕಂಠಗಳಲ್ಲಿ ಇದು ಇನ್ನೂ ಸ್ಪಷ್ಟ. ವಾದ್ಯಗಳ ಸದ್ದು ಆ ಎತ್ತರದಲ್ಲಿ ತೆಳುವಾಗಿರುವುದರಿಂದ ಕಂಠ ಅದನ್ನು ಸೀಳಿಕೊಂಡು ಬರುತ್ತದೆ. ಮೈಕ್ ಇಲ್ಲದೆ ನೂರು ವಾದ್ಯಗಳ ಎದುರು ಹಾಡುವವರಿಗೆ ಒಂದು ಪಿಯಾನೋ ಹೊರೆಯಾಗದು. ಮೈಕ್ ಅಗತ್ಯವಾಗಿ ಬೇಕಾದ ಸಂದರ್ಭ ಒಂದಿದೆ: ಶ್ರವಣಸಾಧನ ಹಾಕಿಕೊಂಡವರಿಗಾಗಿ ಕಟ್ಟಡದಲ್ಲಿ ಇಂಡಕ್ಷನ್ ಲೂಪ್ (ಮೈಕಿನ ದನಿಯನ್ನು ನೇರ ಆ ಸಾಧನಕ್ಕೆ ತಲುಪಿಸುವ ತಂತಿಸುತ್ತು) ಇದ್ದರೆ, ಅದಕ್ಕೊಂದು ಮೈಕ್ ಖಂಡಿತ ಕೊಡಿ. ಅದರ ದನಿ ಸ್ಪೀಕರ್‌ಗೆ ಹೋಗದಂತೆ ನೋಡಿಕೊಂಡರೆ ಸಾಕು.

ಇಷ್ಟೆಲ್ಲ ಮಾಡಿದರೂ ಎತ್ತರದ ಹೆಣ್ಣುಕಂಠ ತಾರಸ್ಥಾಯಿಗೆ ಏರಿದಾಗ ಮಾತು ತಿಳಿಯುವುದಿಲ್ಲ. ಇದು ಯಾರ ಉಚ್ಚಾರದ ದೋಷವೂ ಅಲ್ಲ. ಇ, ಉ, ಅ ಎಂದು ನಾವು ಗುರುತಿಸುವುದು ಬಾಯಿಯ ಪೊಳ್ಳು ಎತ್ತಿಹಿಡಿಯುವ ಕೆಲವು ಕಂಪನಾಂಕಗಳಿಂದ. ಇ ಮತ್ತು ಉಗಳಲ್ಲಿ ಅಂಥ ಮೊದಲನೆಯದು 300–400 ಹರ್ಟ್ಸ್ ಆಸುಪಾಸಿನಲ್ಲಿದೆ. ಹಾಡುವ ಸ್ವರವೇ 700 ಹರ್ಟ್ಸ್ ದಾಟಿದ ಮೇಲೆ ಅದರ ಕೆಳಗೆ ಏನೂ ಇರುವುದಿಲ್ಲ, ಆದ್ದರಿಂದ ಗುರುತು ಹಿಡಿಯಲು ಆಧಾರವೂ ಇಲ್ಲ. ಜಗತ್ತಿನ ಅತ್ಯುತ್ತಮ ಸಭಾಂಗಣದಲ್ಲೂ ಹೀಗೇ. ಸಾಹಿತ್ಯದ ಹಾಳೆಯನ್ನು ಕೈಗೆ ಕೊಡುವುದೊಂದೇ ದಾರಿ.

ಸಾಹಿತ್ಯದ ಹಾಳೆಗೆ ವ್ಯವಸ್ಥಾಪಕರು ಕೊಡುವ ಗಮನ ತೀರಾ ಕಡಿಮೆ ಎಂಬುದು ನನ್ನ ದೊಡ್ಡ ಕೊರಗು. ಜರ್ಮನ್ ಕಲಾಗೀತೆ ಎಂದರೆ ಕವಿತೆ. ಅದು ತಿಳಿಯದೆ ಕೇಳುವುದು ಅರ್ಧ ಕೇಳಿದಂತೆ. ಎಡಕ್ಕೆ ಮೂಲ, ಬಲಕ್ಕೆ ಅನುವಾದ, ಸಾಲಿಗೆ ಸಾಲು ಎದುರುಬದುರಾಗಿರಲಿ. ಅಕ್ಷರ 12 ಪಾಯಿಂಟಿಗಿಂತ ಚಿಕ್ಕದಾಗಬಾರದು. ಒಂದು ಹಾಡು ಎರಡು ಪುಟಗಳ ನಡುವೆ ತುಂಡಾಗಬಾರದು. ತುಂಡಾದರೆ ನೂರು ಜನ ಒಟ್ಟಿಗೆ ಪುಟ ತಿರುಗಿಸುವ ಸರಸರ ಸದ್ದು ಸರಿಯಾಗಿ ಅತಿ ಮೆಲುವಾದ ಸಾಲಿನ ಮೇಲೇ ಬೀಳುತ್ತದೆ. ನುಣುಪು ಕಾಗದ ಬಿಟ್ಟು ಒರಟು ಕಾಗದ ಬಳಸಿ. ಕವಿ ತೀರಿಕೊಂಡು ನೂರಾರು ವರ್ಷಗಳಾಗಿದ್ದರೂ ಅನುವಾದಕರ ಹಕ್ಕು ಜೀವಂತವಿರಬಹುದು, ಅನುಮತಿ ಪಡೆದೇ ಅಚ್ಚು ಹಾಕಿಸಿ. ಹಾಳೆ ಕೊಟ್ಟು ದೀಪ ಆರಿಸುವುದಂತೂ ಕೂಡದು. ಗಾಯಕಿಯ ಬೆನ್ನ ಹಿಂದೆ ದೊಡ್ಡ ಕಿಟಕಿ ಇದ್ದರೆ ನಡುಹಗಲಿನ ಬೆಳಕಿನಲ್ಲಿ ಅವರ ಮುಖ ಕಪ್ಪು ನೆರಳಾಗುತ್ತದೆ. ತುಟಿಯ ಚಲನೆ ಕಂಡರೂ ಎಷ್ಟೋ ಮಾತು ತಿಳಿಯುತ್ತದೆ, ಆದ್ದರಿಂದ ಎದುರಿನಿಂದ ಒಂದು ಮೃದು ದೀಪ ಬೇಕು.

ಇನ್ನು ಶ್ರುತಿ. ಪಿಯಾನೋದಲ್ಲಿ ಮನೆಗಳು 88, ತಂತಿಗಳು ಸುಮಾರು 230. ನಡುವಿನ ಮತ್ತು ಮೇಲಿನ ಸ್ಥಾಯಿಗಳಲ್ಲಿ ಒಂದು ಮನೆಗೆ ಮೂರು ತಂತಿ. ಮೂರರಲ್ಲಿ ಒಂದು 440 ಸಲ, ಪಕ್ಕದ್ದು 441 ಸಲ ಕಂಪಿಸಿದರೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ತಗ್ಗುತ್ತದೆ. ಕೇಳುಗರಿಗೆ ‘ಹಳೇ ಪಿಯಾನೋ’ ಅನ್ನಿಸುವುದು ಇದರಿಂದಲೇ. ತೇವ ಹೆಚ್ಚಿದಾಗ ಸೌಂಡ್‌ಬೋರ್ಡ್ ಉಬ್ಬಿ ಶ್ರುತಿ ಏರುತ್ತದೆ, ಒಣಗಿದಾಗ ಇಳಿಯುತ್ತದೆ, ಎಲ್ಲ ಸ್ಥಾಯಿಗಳಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಆರು ದಿನ ತಣ್ಣಗಿದ್ದು ಏಳನೆಯ ದಿನ ಬೆಚ್ಚಗಾಗುವ ಕಟ್ಟಡ ಪಿಯಾನೋಗೆ ಶತ್ರು. ಕಛೇರಿಯ ಹೊತ್ತಿನಲ್ಲಿ ಎಷ್ಟು ಬಿಸಿ ಇರುತ್ತದೋ ಅಷ್ಟೇ ಬಿಸಿಯಲ್ಲಿ ಶ್ರುತಿ ಮಾಡಿಸಬೇಕು. ಆರ್ಗನ್ ಜೊತೆ ಒಂದು ಹಾಡಾದರೂ ಇದ್ದರೆ ಇನ್ನೂ ಎಚ್ಚರ ಬೇಕು. ಅದರ ಸಾಮಾನ್ಯ ಕೊಳವೆಗಳ ಶ್ರುತಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಮೂರು ಸೆಂಟ್, ಎಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಪಾಲು, ಏರುತ್ತದೆ. ಐದು ಡಿಗ್ರಿಗೆ ಹದಿನೈದು. ಕಿವಿ ಇದನ್ನು ಕ್ಷಮಿಸುವುದಿಲ್ಲ.

ಕಛೇರಿ 1.05ಕ್ಕೆ ಎಂದಿಟ್ಟುಕೊಂಡರೆ ದಿನದ ಕ್ರಮ ಹೀಗಿರಲಿ. ತಂಪು ಹವೆಯಾದರೆ ಹಿಂದಿನ ಸಂಜೆಯಿಂದಲೇ ಕಟ್ಟಡ ಬೆಚ್ಚಗಾಗುತ್ತಿರಬೇಕು. 9ರಿಂದ 11ರವರೆಗೆ ಪಿಯಾನೋ ಶ್ರುತಿ ಮಾಡುವ ಟ್ಯೂನರ್ ಕೆಲಸ. ಆಗ ಗುಡಿಸುವುದು, ಬೆಂಚು ಎಳೆಯುವುದು, ಆರ್ಗನ್ ಅಭ್ಯಾಸ ಯಾವುದೂ ಬೇಡ, ಅವರು ಕೇಳಬೇಕಾದದ್ದು ಅತಿ ಸೂಕ್ಷ್ಮ ಅಲೆಗಳನ್ನು. 11ರಿಂದ 12ರವರೆಗೆ ಕಲಾವಿದರ ಅಭ್ಯಾಸ. ಆಮೇಲೆ 20 ನಿಮಿಷ ಟ್ಯೂನರ್ ಮತ್ತೆ ಕೂತು ಜಾರಿದ ತಂತಿಗಳನ್ನು ಸರಿಪಡಿಸಲಿ. 12.35ಕ್ಕೆ ಬಾಗಿಲು ತೆರೆಯಿರಿ. ಬೆಚ್ಚಗಿನ ಗಾಳಿ ಊದುವ ಯಂತ್ರವನ್ನು 1 ಗಂಟೆಗೆ ನಿಲ್ಲಿಸಿ. ಅದರ ಗೊರಗೊರ ಸದ್ದು ಅಭ್ಯಾಸವಾಗಿ ನಮಗೆ ಕೇಳಿಸದಿದ್ದರೂ ಮೆಲುದನಿಯನ್ನು ನುಂಗುತ್ತದೆ. 1 ಗಂಟೆಗೆ ಬದಲು 1.05 ಎಂದು ಹೇಳಿದ್ದಕ್ಕೆ ಕಾರಣ ಗೋಪುರದ ಗಂಟೆ. ಕಾಲುಗಂಟೆಗೊಮ್ಮೆ ಬಾರಿಸುವ ಗಡಿಯಾರವಾದರೆ 1.15, 1.30, 1.45ಕ್ಕೆ ಅದನ್ನು ತಡೆಹಿಡಿಯಲು ಹಿಂದಿನ ದಿನವೇ ಸಂಬಂಧಪಟ್ಟವರಿಗೆ ಹೇಳಿ.

ಅವಧಿ 45 ನಿಮಿಷ, ಮೀರಲೇಬಾರದು. ಬಂದವರಲ್ಲಿ ಹಲವರು ಕೆಲಸಕ್ಕೆ ಮರಳಬೇಕು. ಕೊನೆಯ ಹಾಡಿನ ನಡುವೆ ಒಬ್ಬೊಬ್ಬರಾಗಿ ಎದ್ದು ಹೋಗುವಂತಾದರೆ ಅದು ಅವರ ತಪ್ಪಲ್ಲ. ಚಪ್ಪಾಳೆ, ಓಡಾಟ, ಎರಡು ಮಾತು ಕಳೆದರೆ ಸಂಗೀತಕ್ಕೆ ಉಳಿಯುವುದು 38ರಿಂದ 40 ನಿಮಿಷ. ಎರಡು ಮೂರು ನಿಮಿಷದ ಹಾಡುಗಳಾದರೆ ಹದಿಮೂರು ಹದಿನಾಲ್ಕು, ನಾಲ್ಕು ಗೊಂಚಲುಗಳಲ್ಲಿ. ಮೊದಲ ಗೊಂಚಲು ಚಿಕ್ಕದಿರಲಿ, ತಡವಾಗಿ ಬಂದವರನ್ನು ಅದು ಮುಗಿದ ಮೇಲೆ ಒಳಬಿಡಬಹುದು. ನಡುವೆ ಐದು ನಿಮಿಷದ ಒಂಟಿ ಪಿಯಾನೋ ಕೃತಿ ಇಟ್ಟರೆ ಕಂಠಕ್ಕೆ ವಿಶ್ರಾಂತಿ. ಹಾಡುಗಳ ಮಾಲೆ ಬೇಕೆಂದರೆ ಬೀಥೋವನ್ 1816ರಲ್ಲಿ ರಚಿಸಿದ ಆರು ಹಾಡುಗಳ ಮಾಲೆ ಹೇಳಿಮಾಡಿಸಿದಂತಿದೆ: ನಡುವೆ ನಿಲುಗಡೆಯಿಲ್ಲ, ಕಾಲು ಗಂಟೆಯೊಳಗೆ ಮುಗಿಯುತ್ತದೆ. ಶೂಮನ್ 1840ರಲ್ಲಿ ಹೈನೆಯ ಕವಿತೆಗಳಿಗೆ ಮಾಡಿದ ಹದಿನಾರು ಹಾಡುಗಳ ಮಾಲೆಗೆ ಸುಮಾರು ಅರ್ಧ ಗಂಟೆ ಬೇಕು, ಅದೂ ಒಪ್ಪುತ್ತದೆ. ಶೂಬರ್ಟ್ 1827ರಲ್ಲಿ ಬರೆದ ಇಪ್ಪತ್ನಾಲ್ಕು ಹಾಡುಗಳ ಚಳಿಗಾಲದ ಪಯಣ ಒಂದು ಗಂಟೆಗೂ ಮಿಕ್ಕುತ್ತದೆ. ಅದನ್ನು ಕತ್ತರಿಸಿ ಎಂಟು ಹಾಡು ಹಾಡಿಸುವುದಕ್ಕಿಂತ ಬಿಡುವುದೇ ಲೇಸು.

ಕಟ್ಟಡ ನೋಡಿ ಹಾಡು ಆರಿಸಿ. ದೀರ್ಘ ಸಾಲುಗಳ, ನಿಧಾನ ಮೇಳಬದಲಾವಣೆಯ ಹಾಡುಗಳಿಗೆ ಅನುರಣನ ವರವಾಗುತ್ತದೆ. ಬಲಗೈ ಒಂದೇ ಸ್ವರವನ್ನು ಬಿಡದೆ ಬಡಿಯುತ್ತ ಓಡುವ ಹಾಡುಗಳು, ಶೂಬರ್ಟ್‌ನ ಕುದುರೆ ಸವಾರಿಯ ಪ್ರಸಿದ್ಧ ಹಾಡಿನಂಥವು, ನಾಲ್ಕು ಸೆಕೆಂಡಿನ ಅನುರಣನದಲ್ಲಿ ಬರೀ ಮೊರೆತವಾಗುತ್ತವೆ. ಇನ್ನೊಂದು ಸೂಕ್ಷ್ಮ: ಈ ಹಾಡುಗಳು ಮೇಲಿನ, ನಡುವಿನ, ಕೆಳಗಿನ ಕಂಠಗಳಿಗೆಂದು ಬೇರೆಬೇರೆ ಶ್ರುತಿಗಳಲ್ಲಿ ಅಚ್ಚಾಗಿವೆ. ಕೆಳಶ್ರುತಿಗೆ ಇಳಿಸಿದಾಗ ಪಿಯಾನೋದ ಎಡಗೈಯೂ ಮಂದ್ರಕ್ಕೆ ಇಳಿದು ದಟ್ಟವಾಗುತ್ತದೆ. ಕಲ್ಲಿನ ಕಟ್ಟಡದಲ್ಲಿ ಭಾರಿ ಗಂಡುಕಂಠದ ಕಾರ್ಯಕ್ರಮಕ್ಕೇ ಹೆಚ್ಚು ಎಚ್ಚರ ಬೇಕಾಗುವುದು ಇದಕ್ಕಾಗಿ. ವಾದಕರು ಎಡಗೈಯನ್ನು ಹಗುರ ಮಾಡಿ, ಸ್ವರಗಳನ್ನು ನಿಲ್ಲದಂತೆ ಉಳಿಸುವ ಬಲ ಪೆಡಲನ್ನು ಪೂರ್ತಿ ಒತ್ತದೆ ಅರ್ಧಕ್ಕೆ ಹಿಡಿದು, ಮೇಳ ಬದಲಾಗುವ ಮುನ್ನವೇ ಬಿಡಬೇಕು. ಉಳಿದ ಅರ್ಧ ಪೆಡಲನ್ನು ಕಟ್ಟಡವೇ ಒತ್ತುತ್ತದೆ. ಗಾಯಕಿ ವ್ಯಂಜನವನ್ನು ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಇಟ್ಟು, ಸ್ವರಾಕ್ಷರವನ್ನು ಪೆಟ್ಟಿನ ಮೇಲೆ ತೆರೆಯಬೇಕು.

ಪುಟ ತಿರುಗಿಸುವವರು ಒಬ್ಬರು ಬೇಕು, ಸಂಗೀತ ಓದಬಲ್ಲವರೇ ಆಗಬೇಕು. ವಾದಕರ ಎಡಕ್ಕೆ, ಸ್ವಲ್ಪ ಹಿಂದೆ ಕೂತು, ಎದ್ದು ನಿಂತು, ಎಡಗೈಯಿಂದ ಬಲಪುಟದ ಮೇಲಿನ ಮೂಲೆ ಹಿಡಿದು ತಿರುಗಿಸುವುದು ಕ್ರಮ.

ಮಧ್ಯಾಹ್ನದ ಕಛೇರಿ ಎಂದರೆ ಚಿಕ್ಕದು, ಹಗುರವಾದದ್ದು ಎಂಬ ಭಾವನೆ ಬೇಡ. ಯುದ್ಧಕಾಲದ ಲಂಡನ್ನಿನಲ್ಲಿ ಸಂಜೆಯ ಕಛೇರಿಗಳು ನಿಂತುಹೋದಾಗ ಪಿಯಾನೋವಾದಕಿ ಮೈರಾ ಹೆಸ್ 1939ರ ಅಕ್ಟೋಬರ್ 10ರಂದು ನ್ಯಾಷನಲ್ ಗ್ಯಾಲರಿಯಲ್ಲಿ ಇಂಥ ಕಛೇರಿಗಳನ್ನು ಆರಂಭಿಸಿದರು. ಚಿತ್ರಗಳನ್ನೆಲ್ಲ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದ ಆ ಕಟ್ಟಡದಲ್ಲಿ 1946ರವರೆಗೆ 1,698 ಕಛೇರಿಗಳು ನಡೆದವು, ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಕೆಲಸದ ನಡುವೆ ಬಂದವರಿಗೆ ಅಂದು ಸಿಕ್ಕಿದ್ದು ಪೂರ್ಣ ಪ್ರಮಾಣದ ಸಂಗೀತ.

ಪಿಯಾನೋವಾದಕರನ್ನು ‘ಪಕ್ಕವಾದ್ಯ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವುದನ್ನು ದಯವಿಟ್ಟು ಬಿಡಿ. ಈ ಹಾಡುಗಳಲ್ಲಿ ಹೊಳೆ, ಕುದುರೆ, ತಿರುಗುವ ರಾಟೆ, ಹಾಡುವವರು ಬಾಯಿಬಿಟ್ಟು ಹೇಳದ ಸಂಕಟ ಎಲ್ಲ ಪಿಯಾನೋದಲ್ಲಿವೆ. ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿರಲಿ, ಇಬ್ಬರ ಸಂಭಾವನೆಯೂ ಸಮನಾಗಿರಲಿ. ಪ್ರವೇಶ ಉಚಿತವಾಗಿ, ಹೋಗುವಾಗ ಕಾಣಿಕೆ ಸಂಗ್ರಹಿಸುವ ಕಡೆಗಳಲ್ಲಿ ಆ ದಿನದ ಸಂಗ್ರಹ ಎಷ್ಟೇ ಆಗಲಿ, ಕಲಾವಿದರಿಗೂ ಟ್ಯೂನರ್‌ಗೂ ಕೊಡಬೇಕಾದದ್ದು ಮೊದಲೇ ನಿಗದಿಯಾಗಿರಬೇಕು.

ಮೇಲೆ ಹೇಳಿದ ಶೂಮನ್ನನ ಮಾಲೆ ಮುಗಿಯುವುದು ಹಾಡಿನಿಂದಲ್ಲ. ಗಾಯಕರು ಬಾಯಿ ಮುಚ್ಚಿದ ಮೇಲೆ ಪಿಯಾನೋ ಒಂಟಿಯಾಗಿ ಬಹಳ ಹೊತ್ತು ನುಡಿಯುತ್ತದೆ. ದನಿ ನಿಂತಿತೆಂದು ಚಪ್ಪಾಳೆ ಬಿದ್ದರೆ ಇಡೀ ಮಾಲೆಯ ಕೊನೆಯ ಮಾತು ಹೋಯಿತು. ಸಾಹಿತ್ಯದ ಹಾಳೆಯ ತಲೆಯಲ್ಲೇ ಎರಡು ಸಾಲು ದಪ್ಪ ಅಕ್ಷರದಲ್ಲಿ ಹಾಕಿಸಿ: ಚಪ್ಪಾಳೆಯನ್ನು ಗೊಂಚಲು ಮುಗಿಯುವವರೆಗೆ ತಡೆದುಕೊಳ್ಳಿ, ವಾದಕರ ಕೈ ಮನೆಗಳಿಂದ ಮೇಲೇಳುವವರೆಗೆ, ಕಾಲು ಪೆಡಲಿನಿಂದ ಬಿಡುವವರೆಗೆ ಹಾಡು ಮುಗಿದಿಲ್ಲ.

ಇಂತಿ,
ತಮ್ಮ ಪತ್ರಿಕೆಯ ಓದುಗ